ನಿಲುವು ಬದಲಿಸಿದವರು ಯಾವ ಕಡೆಗೆ ನಡೆದರು?

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಬಗೆಯ ವಿಡಿಯೊ ತಪ್ಪದೆ ಬರುತ್ತದೆ. ಮೊದಲರ್ಧದಲ್ಲಿ ನಾಯಕರೊಬ್ಬರು ಯಾವುದೋ ಪಕ್ಷವನ್ನೋ ಯೋಜನೆಯನ್ನೋ ಹಿಗ್ಗಾಮುಗ್ಗಾ ಬೈಯುತ್ತಿರುತ್ತಾರೆ, ಮೇಲೆ ‘ಅಂದು’ ಎಂದು ಬರೆದಿರುತ್ತದೆ. ಉಳಿದರ್ಧದಲ್ಲಿ ಅದೇ ನಾಯಕರು, ಕೂದಲು ಒಂದಿಷ್ಟು ನರೆತಿದೆ, ಹೆಗಲ ಮೇಲಿನ ಶಾಲಿನ ಬಣ್ಣ ಬೇರೆಯಾಗಿದೆ, ಬೈದದ್ದನ್ನೇ ಬಾಯ್ತುಂಬ ಹೊಗಳುತ್ತಿರುತ್ತಾರೆ. ಮೇಲೆ ‘ಇಂದು’. ಗುಂಪಿನಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ತಮ್ಮವರ ವಿಡಿಯೊ ಬಂದಾಗ ಸುಮ್ಮನಿದ್ದು, ಎದುರಿನವರದು ಬಂದಾಗ ನಗುವ ಚಿಹ್ನೆಗಳನ್ನು ಸಾಲಾಗಿ ಒತ್ತುತ್ತಾರೆ. ನಾನು ಎರಡಕ್ಕೂ ನಗುತ್ತೇನೆ. ನಕ್ಕು ಮೊಬೈಲ್ ಕೆಳಗಿಟ್ಟ ಮೇಲೆ ಮಾತ್ರ ಏನೋ ಕಿರಿಕಿರಿ ಉಳಿಯುತ್ತದೆ. ನಡುವೆ ಹೋದ ಹತ್ತು ವರ್ಷಗಳನ್ನು ಆ ವಿಡಿಯೊ ಮಾಡಿದವನು ಕತ್ತರಿಸಿ ಎಸೆದಿರುತ್ತಾನೆ. ಆ ಅವಧಿಯಲ್ಲಿ ಏನಾಯಿತು, ಯಾರು ಏನು ಕಳೆದುಕೊಂಡರು, ಯಾರಿಗೆ ಏನು ಸಿಕ್ಕಿತು ಎಂಬುದರಲ್ಲೇ ವಿಷಯವಿರುವುದು. ಆದರೆ ಅದು ಮೂವತ್ತು ಸೆಕೆಂಡಿಗೆ ಹಿಡಿಸುವುದಿಲ್ಲ.

ಮಾತು ಬದಲಿಸದವರ ಬಗ್ಗೆ ನಮಗೆ ಇರುವ ಗೌರವ ಹಳೆಯದು. ಆ ಗೌರವವೂ ಪೂರ್ತಿ ಕಣ್ಣು ತೆರೆದುಕೊಂಡಿಲ್ಲ ಎಂದು ನನಗೆ ಅನುಮಾನ. ಭೀಷ್ಮ ತನ್ನ ಪ್ರತಿಜ್ಞೆಯನ್ನು ಕೊನೆಯವರೆಗೂ ಬಿಡಲಿಲ್ಲ. ಯಾರಿಗಾಗಿ ಪ್ರತಿಜ್ಞೆ ಮಾಡಿದನೋ ಆ ಸತ್ಯವತಿಯೇ ಬಿಡು ಎಂದು ಕೇಳಿದರೂ ಬಿಡಲಿಲ್ಲ. ಕುರುವಂಶಕ್ಕೆ ಅದರಿಂದ ಒಳ್ಳೆಯದೇನಾಯಿತು ಎಂದು ನಮ್ಮ ಹರಿಕಥೆಯ ದಾಸರು ವಿವರಿಸಿದ್ದನ್ನು ನಾನು ಕೇಳಿಲ್ಲ. ಗಾಂಧೀಜಿ ಇದಕ್ಕೆ ತದ್ವಿರುದ್ಧ. ತಮ್ಮ ಎರಡು ಬರಹಗಳಲ್ಲಿ ವಿರೋಧ ಕಂಡರೆ ನಂತರ ಬರೆದದ್ದನ್ನೇ ಹಿಡಿಯಿರಿ ಎಂದು 1933ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಬರೆದರು. (ಅವರು ಯಾವ ಕ್ಷೇತ್ರದಿಂದಲೂ ಚುನಾವಣೆಗೆ ನಿಂತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಮತ ಕೇಳದವರಿಗೆ ಮನಸ್ಸು ಬದಲಿಸುವುದು ಸುಲಭ.)

ಒಂದೇ ಗೋಡೆ, ಮೂರು ಚಿಹ್ನೆ

ನಾನು ಶಿವಮೊಗ್ಗ ಲೋಕಸಭಾ ಕ್ಷೇತ್ರದವನು. ಪಕ್ಷಾಂತರದ ಬಗ್ಗೆ ನಮ್ಮೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಮಾಜಿ ಮುಖ್ಯಮಂತ್ರಿ ಬಂಗಾರಪ್ಪನವರನ್ನು ನಾವು 1996ರಲ್ಲಿ ಅವರದೇ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಗೆಲ್ಲಿಸಿದೆವು, 1999ರಲ್ಲಿ ಕಾಂಗ್ರೆಸ್ಸಿನಿಂದ ಗೆಲ್ಲಿಸಿದೆವು, 2004ರಲ್ಲಿ ಬಿಜೆಪಿಯಿಂದ ಗೆಲ್ಲಿಸಿದೆವು. ಮರುವರ್ಷ ಅವರು ರಾಜೀನಾಮೆ ಕೊಟ್ಟು ಸಮಾಜವಾದಿ ಪಕ್ಷ ಸೇರಿ ಉಪಚುನಾವಣೆಗೆ ನಿಂತಾಗ ಅಲ್ಲಿಂದಲೂ ಗೆಲ್ಲಿಸಿದೆವು. ನಡುವೆ 1998ರಲ್ಲಿ ಒಮ್ಮೆ ಸೋಲಿಸಿದ್ದೂ ಉಂಟು.

ಆ 2005ರ ಉಪಚುನಾವಣೆಯ ಸಮಯದಲ್ಲಿ ನಾನು ಊರಿಗೆ ಹೋಗಿದ್ದೆ. ಬಸ್ ಇಳಿಯುವ ಜಾಗದಲ್ಲಿ ಒಂದು ಅಕ್ಕಿ ಗಿರಣಿ ಇತ್ತು. ಅದರ ರಸ್ತೆ ಬದಿಯ ಗೋಡೆ ಪ್ರತಿ ಚುನಾವಣೆಯಲ್ಲೂ ಬಂಗಾರಪ್ಪನವರ ಕಡೆಯವರಿಗೆ ಮೀಸಲು. ಹಿಂದಿನ ವರ್ಷ ಬರೆದ ಕಮಲದ ಮೇಲೆ ಹುಡುಗನೊಬ್ಬ ಸುಣ್ಣ ಬಳಿಯುತ್ತಿದ್ದ. ಸುಣ್ಣ ತೆಳುವಾಗಿದ್ದುದರಿಂದ ಒಣಗಿದ ಕಡೆಯೆಲ್ಲ ದಳಗಳು ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಇನ್ನೊಬ್ಬ ಅದರ ಮೇಲೆಯೇ ಸೈಕಲ್ಲಿನ ಚಕ್ರ ಬರೆಯಲು ದಾರ ಹಿಡಿದು ಅಳತೆ ಮಾಡುತ್ತಿದ್ದ. ಕಮಲಕ್ಕೂ ಕೆಳಗೆ, ಗಾರೆ ಬಿರಿದ ಒಂದು ಮೂಲೆಯಲ್ಲಿ, 1999ರ ಕೈಯ ಹೆಬ್ಬೆರಳು ಇನ್ನೂ ಉಳಿದಿತ್ತು. ನನ್ನ ದೊಡ್ಡಪ್ಪ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತು ಕವಳ ಹಾಕುತ್ತ ಇದನ್ನೆಲ್ಲ ನೋಡುತ್ತಿದ್ದರು. ನಾನು ಬೆಂಗಳೂರಿನಿಂದ ಬಂದವನ ಜಂಭದಲ್ಲಿ, “ಹೀಗೆ ವರ್ಷಕ್ಕೊಂದು ಪಕ್ಷ ಮಾಡುವವರಿಗೆ ಮತ್ತೆ ಓಟು ಹಾಕುತ್ತೀರಾ?” ಎಂದು ಕೇಳಿದೆ. ಅವರು ಎದ್ದು ಹೋಗಿ ಉಗುಳಿ ಬಂದು, ನಿಧಾನವಾಗಿ ಹೇಳಿದರು: “ಕೈಗೂ ಹಾಕಿದೆ, ಕಮಲಕ್ಕೂ ಹಾಕಿದೆ, ಈಗ ಸೈಕಲ್ಲಿಗೂ ಹಾಕುತ್ತೇನೆ. ಮೂರು ಸಲವೂ ಹಾಕಿದ್ದು ಒಬ್ಬನಿಗೇ. ನಾನು ಯಾವಾಗ ಬದಲಾದೆ ಹೇಳು.”

ದೊಡ್ಡಪ್ಪನ ಲೆಕ್ಕ ಪುಸ್ತಕದಲ್ಲಿ ಪಕ್ಷಕ್ಕೆ ಪುಟವೇ ಇರಲಿಲ್ಲ. ಅವರ ತೋಟದ ಪಂಪ್‌ಸೆಟ್ಟಿಗೆ ಕರೆಂಟಿನ ಬಿಲ್ಲು ಬರುವುದು ನಿಂತದ್ದು ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ, ಹತ್ತು ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಬಂದ ಮೇಲೆ. ಅವರ ಮಗನಿಗೆ ಕೆಲಸದ ಅರ್ಜಿಯಲ್ಲಿ ಗ್ರಾಮೀಣ ಕೃಪಾಂಕದ ಆಸೆ ಹುಟ್ಟಿದ್ದು ಆಗಲೇ. ಆಶ್ರಯ ಯೋಜನೆಯ ಮನೆ, ಆರಾಧನಾ ಯೋಜನೆಯಲ್ಲಿ ದುರಸ್ತಿಯಾದ ಊರ ದೇವಸ್ಥಾನ, ಕಾವೇರಿ ಮಧ್ಯಂತರ ಆದೇಶದ ವಿರುದ್ಧ 1991ರಲ್ಲಿ ತಂದ ಸುಗ್ರೀವಾಜ್ಞೆ. ಆ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ, ಆದರೆ ದೊಡ್ಡಪ್ಪನಿಗೆ ಅದು ಮುಖ್ಯವಾಗಿರಲಿಲ್ಲ. ಇವರು ಯಾರ ಕಡೆಯವರು ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿತ್ತು, ಯಾವ ಚಿಹ್ನೆಯ ಕಡೆಯವರು ಎಂಬುದು ಬಣ್ಣ ಬಳಿಯುವ ಹುಡುಗರ ತಲೆನೋವು. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಇಂದಿಗೂ ಆಗಿಲ್ಲ. ಕಾಂಗ್ರೆಸ್ಸಿನಲ್ಲಿದ್ದಾಗ ಆಡಿದ ಮಾತು ಕೇಳಿಯೇ ಓಟು ಹಾಕಿದವರೂ ಕ್ಷೇತ್ರದಲ್ಲಿದ್ದರು, ಬಂಗಾರಪ್ಪ ಬಿಜೆಪಿಗೆ ಹೋದಾಗ ಇವರ ಗತಿ ಏನು? ಆದರೂ ದೊಡ್ಡಪ್ಪ ನನಗೊಂದು ಒಳ್ಳೆಯ ಗಂಟು ಕಟ್ಟಿಕೊಟ್ಟರು. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಮನುಷ್ಯ ಅಪರೂಪ. ಬದಲಾದ ಮೇಲೂ ಅವನಲ್ಲಿ ಏನೋ ಒಂದು ಹಾಗೆಯೇ ಉಳಿದಿರುತ್ತದೆ. ಹಾಗೆ ಉಳಿದದ್ದು ಜನರೋ ಕುರ್ಚಿಯೋ ಎಂಬುದನ್ನು ನೋಡಬೇಕು.

ಕುರ್ಚಿಗೆ ಅಂಟಿದ ನಿಲುವುಗಳು

2014ರ ಲೋಕಸಭಾ ಚುನಾವಣೆಯಲ್ಲಿ ನಾನು ಬೆಂಗಳೂರು ದಕ್ಷಿಣದ ಮತದಾರ. ಕಾಂಗ್ರೆಸ್ಸಿನಿಂದ ಆಧಾರ್‌ನ ರೂವಾರಿ ನಂದನ್ ನಿಲೇಕಣಿ, ಬಿಜೆಪಿಯಿಂದ ಅನಂತಕುಮಾರ್. ಹಾಗಾಗಿ ದೇಶದ ಬೇರೆಲ್ಲೂ ಇಲ್ಲದಷ್ಟು ಚರ್ಚೆ ಆಧಾರ್ ಬಗ್ಗೆ ನಮ್ಮ ಬಡಾವಣೆಗಳಲ್ಲಿ ನಡೆಯಿತು. ಅದಕ್ಕೆ ಸಂಸತ್ತಿನ ಕಾನೂನಿನ ಬಲವಿಲ್ಲ, ದೇಶದ ಭದ್ರತೆಗೆ ಅಪಾಯ, ಹಣ ಪೋಲು ಎಂದು ಬಿಜೆಪಿಯವರು ಹೇಳುತ್ತಿದ್ದರು. ಕಾನೂನಿನ ಬಲವಿಲ್ಲ ಎಂಬುದಂತೂ ನಿಜವೇ ಆಗಿತ್ತು. ನಿಲೇಕಣಿ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಸೋತವರ ಯೋಜನೆ ಗೆದ್ದಿತು. ಹೊಸ ಸರ್ಕಾರ ಆಧಾರ್ ಅನ್ನು ಮುಂದುವರಿಸಿತು, ಅಡುಗೆ ಅನಿಲದ ಸಬ್ಸಿಡಿಗೆ ಮತ್ತೆ ಜೋಡಿಸಿತು, 2016ರ ಮಾರ್ಚಿನಲ್ಲಿ ಹಣ ಮಸೂದೆಯ (ಮನಿ ಬಿಲ್) ರೂಪದಲ್ಲಿ ಕಾಯ್ದೆಯನ್ನೂ ತಂದಿತು.

ಇದನ್ನು ಮೋಸ ಎಂದು ನಾನು ಹೇಳಲಾರೆ. ಸರ್ಕಾರದ ಒಳಗೆ ಕುಳಿತ ಮೇಲೆ ಕಾಣುವ ಕಡತಗಳು ಹೊರಗಿನಿಂದ ಕಾಣುವುದಿಲ್ಲ. ಆಧಾರ್ ಬೇಡ ಎಂದವರಿಗೆ ಅದು ಬೇಕು ಎನಿಸಿದ್ದರೆ ಹಾಗೆ ಅನಿಸುವ ಹಕ್ಕು ಅವರಿಗಿದೆ. ನನಗೆ ಬೇಸರ ತಂದದ್ದು ಬೇರೆ. ಮನೆ ಬಾಗಿಲಿಗೆ ಬಂದು ಆಧಾರ್ ಏಕೆ ಕೆಟ್ಟದ್ದು ಎಂದು ಅಷ್ಟು ಹೊತ್ತು ವಿವರಿಸಿದ್ದ ಕಾರ್ಯಕರ್ತರು, ಅದು ಏಕೆ ಒಳ್ಳೆಯದಾಯಿತು ಎಂದು ಹೇಳಲು ಬರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಯಾರು ಲೆಕ್ಕ ಒಪ್ಪಿಸುತ್ತಾರೆ?

ಜಿಎಸ್‌ಟಿಯ ಕಥೆಯೂ ಹೀಗೆಯೇ. ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ 2011ರಲ್ಲಿ ಸಂವಿಧಾನ ತಿದ್ದುಪಡಿ ಮಸೂದೆ ತಂದಾಗ ಬಿಜೆಪಿ ಆಡಳಿತದ ಗುಜರಾತ್ ಸರ್ಕಾರ ವಿರೋಧಿಸಿತು. 2017ರ ಜುಲೈ 1ರಂದು ಅದು ಜಾರಿಗೆ ಬಂದಾಗ ತಂದವರು ಆಗ ವಿರೋಧಿಸಿದವರು, ಟೀಕಿಸಿದವರು ಆಗ ತರಲು ಹೊರಟಿದ್ದವರು. ಜಾತಿಗಣತಿಯಲ್ಲಿಯೂ ಇದೇ ನಡೆಯಿತು. 2021ರಲ್ಲಿ ಅದು ಆಡಳಿತಾತ್ಮಕವಾಗಿ ಕಷ್ಟ ಎಂದು ಸುಪ್ರೀಂ ಕೋರ್ಟಿಗೆ ಹೇಳಿದ ಕೇಂದ್ರ ಸರ್ಕಾರವೇ 2025ರ ಏಪ್ರಿಲ್ 30ರಂದು ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವ ತೀರ್ಮಾನ ಪ್ರಕಟಿಸಿತು. ಇಂಥ ನಿಲುವುಗಳು ವ್ಯಕ್ತಿಯವೂ ಅಲ್ಲ, ಪಕ್ಷದವೂ ಅಲ್ಲ. ಅವು ಆಡಳಿತ ಪಕ್ಷದ ಸಾಲು, ವಿರೋಧ ಪಕ್ಷದ ಸಾಲು ಎಂಬ ಎರಡು ಕುರ್ಚಿಗಳಿಗೆ ಅಂಟಿಕೊಂಡಿವೆ, ಕುಳಿತವರ ಬಟ್ಟೆಗೆ ಮೆತ್ತಿಕೊಳ್ಳುತ್ತವೆ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಸ್ವಾರಸ್ಯದ ಸಂಗತಿಯೊಂದಿದೆ. 2015ರಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರಲ್ಲಿ, ಅದನ್ನು ಬದಿಗಿಟ್ಟು ಹೊಸ ಸಮೀಕ್ಷೆ ಮಾಡುವ ತೀರ್ಮಾನ ಬಂದದ್ದು 2025ರಲ್ಲಿ. ಇಲ್ಲಿ ನಿಲುವು ಬದಲಿಸಿದ ಆರೋಪವನ್ನು ಯಾರ ಮೇಲೂ ಹೊರಿಸಲಾಗದು. ಮಾತು ಇದ್ದಲ್ಲೇ ಇತ್ತು, ಕಡತವೂ ಇದ್ದಲ್ಲೇ ಇತ್ತು. ‘ಅಂದು–ಇಂದು’ ವಿಡಿಯೊ ಮಾಡುವವರಿಗೆ ಇಂಥವರು ಸಿಕ್ಕುವುದೇ ಇಲ್ಲ.

ಕಾಲುಸಂಕ

ಆಧಾರ್ ಚುನಾವಣೆಯ ಮರುವರ್ಷ ನಾನು ಊರಿಗೆ ಮರಳಿದೆ. ಆಗಲೇ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಮಲೆನಾಡಿನಲ್ಲಿ ಒಂದು ಪಂಚಾಯಿತಿ ಎಂದರೆ ಹತ್ತಾರು ಕೇರಿಗಳು, ನಡುವೆ ಗದ್ದೆ, ಹಳ್ಳ, ಕಾಡು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ಕೇರಿಯವರು ಆಚೆ, ಈಚೆಯವರು ಈಚೆ. ಹಾಗಾಗಿ ನಮ್ಮ ಚುನಾವಣೆಯಲ್ಲಿ ದೇಶದ ಆರ್ಥಿಕತೆಯ ಮಾತು ಬರುವುದಿಲ್ಲ, ಹಳ್ಳ ದಾಟುವ ಕಾಲುಸಂಕದ ಮಾತು ಬರುತ್ತದೆ. ನಮ್ಮ ವಾರ್ಡಿನಿಂದ ನಿಂತಿದ್ದ ಹೆಣ್ಣುಮಗಳು, ಹೊಲಿಗೆ ಯಂತ್ರ ಇಟ್ಟುಕೊಂಡು ಸ್ತ್ರೀಶಕ್ತಿ ಸಂಘ ನಡೆಸುತ್ತಿದ್ದವಳು, ನಮ್ಮ ಮೇಲಿನ ಕೇರಿಗೆ ಬಂದು, ಗೆದ್ದರೆ ಮೊದಲ ಸಂಕ ನಿಮ್ಮ ಹಳ್ಳಕ್ಕೇ ಎಂದು ಮಾತು ಕೊಟ್ಟಳು. ನಮ್ಮ ಕೇರಿಯ ಓಟಿನಿಂದಲೇ ಗೆದ್ದಳು.

ಎರಡು ಮಳೆಗಾಲ ಕಳೆದ ಮೇಲೆ ಒಂದು ಸಂಕಕ್ಕೆ ಸಾಕಾಗುವಷ್ಟು ಹಣ ಬಂತು. ಶಾಲೆಯ ಜಗುಲಿಯಲ್ಲಿ ಗ್ರಾಮಸಭೆ. ಅವಳು ಎದ್ದು ನಿಂತು, ಸಂಕವನ್ನು ಕೆಳಗಿನ ಕೇರಿಗೆ ಹಾಕಬೇಕು ಎಂದಳು. ಒಂದು ಕ್ಷಣ ಯಾರಿಗೂ ಕೇಳಿದ್ದು ನಂಬಿಕೆಯಾಗಲಿಲ್ಲ. ಆಮೇಲೆ ಗದ್ದಲವೋ ಗದ್ದಲ. ನಮ್ಮ ಕೇರಿಯ ಹಿರಿಯರೊಬ್ಬರು, “ತಂಗೀ, ಓಟು ನಮ್ಮದು, ಸಂಕ ಅವರದಾ?” ಎಂದರು. ಅವಳ ಕೈ ನಡುಗುತ್ತಿತ್ತು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, “ಹೌದು ಅಣ್ಣಯ್ಯ, ಮಾತು ಕೊಟ್ಟದ್ದು ನಿಮಗೇ. ಆಗ ನಾನು ಆ ಕಡೆಗೆ ಮಳೆಗಾಲದಲ್ಲಿ ಹೋಗಿರಲಿಲ್ಲ. ಅಲ್ಲಿ ಮಕ್ಕಳು ಎರಡು ಅಡಿಕೆ ಮರ ಕಟ್ಟಿದ ಸಂಕದ ಮೇಲೆ ಶಾಲೆಗೆ ಬರುತ್ತಾರೆ. ನಮ್ಮಲ್ಲಿ ಸುತ್ತು ಬಳಸಿದರೆ ರಸ್ತೆ ಸಿಗುತ್ತದೆ, ಅವರಿಗೆ ಅದೂ ಇಲ್ಲ” ಎಂದಳು. ಹಿರಿಯರು, “ಅದು ಓಟು ಕೇಳುವಾಗ ಗೊತ್ತಿರಬೇಕಿತ್ತು” ಎಂದರು. ಅದಕ್ಕೆ ಅವಳು, “ಗೊತ್ತಿರಬೇಕಿತ್ತು” ಎಂದಷ್ಟೇ ಹೇಳಿ ಕುಳಿತಳು.

ಸಂಕ ಕೆಳಗಿನ ಕೇರಿಗೆ ಆಯಿತು. ಕೆಳಗಿನ ಕೇರಿ ಅವಳ ವಾರ್ಡಿನಲ್ಲೇ ಇರಲಿಲ್ಲ, ಹಾಗಾಗಿ ಅಲ್ಲಿಯ ಕೃತಜ್ಞತೆ ಒಂದು ಓಟಾಗಿಯೂ ಅವಳಿಗೆ ಮರಳುವಂತಿರಲಿಲ್ಲ. 2020ರ ಡಿಸೆಂಬರಿನ ಚುನಾವಣೆಯಲ್ಲಿ ಅವಳು ಮತ್ತೆ ನಿಂತಳು, ಸೋತಳು. ಸೋಲಿಸಿದ್ದು ನಮ್ಮ ಕೇರಿ. ನಾನು ಅವಳಿಗೇ ಹಾಕಿದೆ. ಅಕ್ಕಪಕ್ಕದವರಿಗೆ ಹಾಗೆಂದು ಹೇಳಿದಾಗ, ನಿಮಗೇನು, ಮಳೆಗಾಲದಲ್ಲಿ ಹಾಲು ಡೇರಿಗೆ ಹೊರುವ ಕಷ್ಟವಿಲ್ಲ ಎಂದರು. ಅದು ಸುಳ್ಳಲ್ಲ. ಮಾತು ಮುರಿದದ್ದರ ಬೆಲೆ ತೆತ್ತವರು ಅವರು. ಆದರೆ ಅವಳೂ ತೆತ್ತಳು, ತೆರಬೇಕಾಗುತ್ತದೆ ಎಂದು ಗೊತ್ತಿದ್ದೇ ಆ ಜಗುಲಿಯ ಮೇಲೆ ಎದ್ದು ನಿಂತಳು. ಅವಳ ಸ್ಥಾನದಲ್ಲಿ ಬೇರೆಯವರಿದ್ದರೆ ಹಣವನ್ನು ತಡೆಹಿಡಿದು ಮುಂದಿನ ಚುನಾವಣೆಯವರೆಗೆ ಎರಡೂ ಕೇರಿಗೆ ಆಸೆ ತೋರಿಸುತ್ತಿದ್ದರು. ಅಂಥವರನ್ನು ಯಾರೂ ಮಾತಿಗೆ ತಪ್ಪಿದವರು ಎನ್ನುತ್ತಿರಲಿಲ್ಲ.

257 ಮತಗಳು, ಹತ್ತು ಮಂತ್ರಿಗಳು

ರಾಜ್ಯದ ಮಟ್ಟಕ್ಕೆ ಬಂದರೆ, ನನ್ನ ತಲೆಯಲ್ಲಿ ಎರಡು ಉಪಚುನಾವಣೆಗಳು ಸದಾ ಜೊತೆಯಾಗಿ ನಿಲ್ಲುತ್ತವೆ. ಮೊದಲನೆಯದು 2006ರ ಡಿಸೆಂಬರಿನ ಚಾಮುಂಡೇಶ್ವರಿ. ಕಾಂಗ್ರೆಸ್ ವಿರೋಧದ ರಾಜಕಾರಣದಲ್ಲೇ ಬೆಳೆದಿದ್ದ ಸಿದ್ದರಾಮಯ್ಯ, ಜೆಡಿಎಸ್‌ನಿಂದ ಹೊರಬಿದ್ದು ಕಾಂಗ್ರೆಸ್ ಸೇರಿ, ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ನಿಂತರು. ಆಗ ಅಧಿಕಾರದಲ್ಲಿದ್ದದ್ದು ಜೆಡಿಎಸ್–ಬಿಜೆಪಿ ಸರ್ಕಾರ. ಗೆದ್ದದ್ದು 257 ಮತಗಳಿಂದ. ಎರಡನೆಯದು 2019ರ ಡಿಸೆಂಬರಿನದು. ಕಾಂಗ್ರೆಸ್ ಮತ್ತು ಜೆಡಿಎಸ್‌ನ ಶಾಸಕರು ರಾಜೀನಾಮೆ ಕೊಟ್ಟು ಮುಂಬೈನ ಹೋಟೆಲ್ ಸೇರಿದರು, ಜುಲೈ 23ರಂದು ಸಮ್ಮಿಶ್ರ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಬಿತ್ತು. ಆಮೇಲೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ. ಪಕ್ಷ ಬದಲಿಸಿ ಬಿಜೆಪಿಯಿಂದ ನಿಂತ 13 ಮಂದಿಯಲ್ಲಿ 11 ಮಂದಿ ಗೆದ್ದರು.

ಮೇಲ್ನೋಟಕ್ಕೆ ಎರಡೂ ಒಂದೇ. ಇವರೂ ರಾಜೀನಾಮೆ ಕೊಟ್ಟರು, ಅವರೂ ಕೊಟ್ಟರು. ಇವರೂ ಮರುಮತ ಕೇಳಿದರು, ಅವರೂ ಕೇಳಿದರು. ಪಕ್ಷ ಬಿಟ್ಟರೆ ಸ್ಥಾನವನ್ನೂ ಬಿಟ್ಟು ಹೊಸದಾಗಿ ಗೆದ್ದು ಬನ್ನಿ ಎಂಬ ಪ್ರಜಾಪ್ರಭುತ್ವದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಇಬ್ಬರೂ ಪಾಸು. ಹಾಗಾದರೆ ನನಗೆ ಒಂದು ಸರಿ, ಇನ್ನೊಂದು ಕಸಿವಿಸಿ ಎನಿಸುವುದೇಕೆ? ನನ್ನ ಪಕ್ಷಪಾತ ಇರಬಹುದೇ ಎಂದು ಬಹಳ ಯೋಚಿಸಿದ್ದೇನೆ. ಸಿದ್ದರಾಮಯ್ಯ ಆಡಳಿತ ಪಕ್ಷದ ಕಡೆಯಿಂದ ವಿರೋಧ ಪಕ್ಷದ ಸಾಲಿಗೆ ನಡೆದರು, ಅಲ್ಲಿ ಅವರಿಗಾಗಿ ಯಾವ ಖಾತೆಯೂ ಕಾದಿರಲಿಲ್ಲ. ಮುಂದೆ ಮುಖ್ಯಮಂತ್ರಿಯಾದರು, ನಿಜ, ಅದು 2013ರಲ್ಲಿ. 2019ರವರು ನಡೆದ ದಿಕ್ಕು ಬೇರೆ. ಗೆದ್ದ 11 ಮಂದಿಯಲ್ಲಿ 10 ಮಂದಿ 2020ರ ಫೆಬ್ರುವರಿ 6ರಂದು ಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ನಿಲುವು ಬದಲಿಸಿದವರು ಅಧಿಕಾರದ ಕಡೆಗೆ ನಡೆದರೋ ಅದರಿಂದ ದೂರ ನಡೆದರೋ ಎಂಬುದು ಯಾರು ಬೇಕಾದರೂ ನೋಡಬಹುದಾದ ಗುರುತು, ಅವರ ಮನಸ್ಸಿನೊಳಗೆ ಇಣುಕಬೇಕಿಲ್ಲ.

ಈ ಗುರುತೂ ಎಲ್ಲ ಕಡೆ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಅಥಣಿ ಇದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ, ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. 2019ರಲ್ಲಿ ಕುಮಠಳ್ಳಿ ಬಿಜೆಪಿಗೆ ಬಂದು ಗೆದ್ದರು. (ಗೆದ್ದ ಹನ್ನೊಂದರಲ್ಲಿ ಮಂತ್ರಿಯಾಗದೆ ಉಳಿದ ಒಬ್ಬರು ಇವರೇ. ಇವರಿಂದ ಸೋತಿದ್ದ ಸವದಿ ಆಗ ಉಪಮುಖ್ಯಮಂತ್ರಿ.) 2023ರಲ್ಲಿ ಸವದಿಯವರಿಗೆ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಹೋದರು, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಕುಮಠಳ್ಳಿಯವರನ್ನು ಸೋಲಿಸಿದರು. ಐದು ವರ್ಷದಲ್ಲಿ ಇಬ್ಬರೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡಿದ್ದರು. ಪಕ್ಕದ ಕಾಗವಾಡದಲ್ಲೂ ಇದೇ ಆಟ. ಅಥಣಿಯ ಮತದಾರನ ಮುಂದೆ ಬದಲಾಗದ ಪ್ರಮುಖ ಅಭ್ಯರ್ಥಿಯೇ ಇರಲಿಲ್ಲ, ಅವನು ಯಾರನ್ನು ನಂಬದೆ ಇರಬೇಕಿತ್ತು? ಅದೇ 2023ರಲ್ಲಿ, ಅದೇ ಟಿಕೆಟ್ ಕಾರಣಕ್ಕೆ, ಅದೇ ದಿಕ್ಕಿಗೆ ಹೋದ ಜಗದೀಶ ಶೆಟ್ಟರ್ ಅವರನ್ನು ಹುಬ್ಬಳ್ಳಿಯ ಜನ ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆರು ಸಲ ಗೆಲ್ಲಿಸಿದ್ದ ಜನ ಅವರು. ಮರುವರ್ಷದ ಜನವರಿಯಲ್ಲಿ ಶೆಟ್ಟರ್ ಬಿಜೆಪಿಗೆ ಮರಳಿದರು, ಬೆಳಗಾವಿಯಿಂದ ಸಂಸದರಾದರು. ಹುಬ್ಬಳ್ಳಿಯವರು ಪಕ್ಷ ನೋಡಿ ಓಟು ಹಾಕಿದರು, ಅಥಣಿಯವರು ನನ್ನ ದೊಡ್ಡಪ್ಪನ ಹಾಗೆ ಮನುಷ್ಯನನ್ನು ನೋಡಿ ಹಾಕಿದರು ಎಂದು ನನ್ನ ಊಹೆ.

2019ರ ಮತದಾರರನ್ನು ಮೂರ್ಖರೆಂದು ಬೈಯುವುದು ಬೆಂಗಳೂರಿನ ಪತ್ರಿಕೆಗಳಲ್ಲಿ ಆಗ ಒಂದು ಚಟವಾಗಿತ್ತು. ನನಗೆ ಹಾಗನಿಸುವುದಿಲ್ಲ. ಶಾಸಕ ಆಡಳಿತ ಪಕ್ಷದಲ್ಲಿದ್ದರೆ ಅನುದಾನ ಬರುತ್ತದೆ, ಇಲ್ಲದಿದ್ದರೆ ಕಡತ ಮೇಜು ಬಿಟ್ಟು ಏಳುವುದಿಲ್ಲ ಎಂಬುದನ್ನು ರಸ್ತೆಯ ಗುಂಡಿ ನೋಡಿ ತಿಳಿದವರು ಅವರು. ಶಾಸಕನ ಮಂತ್ರಿಗಿರಿ ಕ್ಷೇತ್ರಕ್ಕೂ ಲಾಭ. ಹಾಗಾಗಿ ಅವರ ಮತ ನಂಬಿಕೆಯ ಮತವಾಗಿರಬೇಕೆಂದೇನೂ ಇಲ್ಲ, ವ್ಯವಹಾರದ ಮತವೂ ಆಗಿರಬಹುದು. ಗೆದ್ದವರನ್ನು ನಂಬಿದರು ಎಂದು ಫಲಿತಾಂಶ ನೋಡಿ ಹೇಳುವುದು ಅವಸರವಾಗುತ್ತದೆ. 2023ರಲ್ಲಿ ಚಿಕ್ಕಬಳ್ಳಾಪುರದಲ್ಲಿ, ಹಿರೇಕೆರೂರಿನಲ್ಲಿ, ಕಾಗವಾಡದಲ್ಲಿ ಅದೇ ಮತದಾರರು ಅದೇ ಮಂತ್ರಿಗಳನ್ನು ಮನೆಗೆ ಕಳಿಸಿದರು. ಗೆದ್ದು ಉಳಿದವರಲ್ಲಿ ಎಸ್.ಟಿ. ಸೋಮಶೇಖರ್ ಮತ್ತು ಶಿವರಾಮ ಹೆಬ್ಬಾರ್ ಅವರನ್ನು 2025ರಲ್ಲಿ ಬಿಜೆಪಿಯೇ ಉಚ್ಚಾಟಿಸಿತು. ಆ ಹೊತ್ತಿಗೆ ಅಧಿಕಾರ ಮತ್ತೆ ಕಾಂಗ್ರೆಸ್ಸಿನ ಕಡೆ ಇತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿಗೆ ಕಾಣುವುದು

1985ರ ಪಕ್ಷಾಂತರ ನಿಷೇಧ ಕಾನೂನು ಈ ವಿಷಯದಲ್ಲಿ ವಿಚಿತ್ರವಾಗಿ ವರ್ತಿಸುತ್ತದೆ. ಸದನದಲ್ಲಿ ಒಂದು ಮಸೂದೆಯ ಚರ್ಚೆ ಕೇಳಿ, ನನ್ನ ಪಕ್ಷ ಹೇಳುವುದು ತಪ್ಪು ಎಂದು ಒಬ್ಬ ಶಾಸಕನಿಗೆ ಪ್ರಾಮಾಣಿಕವಾಗಿ ಅನಿಸಿತು ಎಂದುಕೊಳ್ಳಿ. ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದರೆ ಅವನ ಸ್ಥಾನ ಹೋಗುತ್ತದೆ. ನಮ್ಮ ಕಾಲುಸಂಕದ ಹೆಣ್ಣುಮಗಳು ಗ್ರಾಮಸಭೆಯಲ್ಲಿ ಮಾಡಿದ್ದನ್ನು ವಿಧಾನಸಭೆಯಲ್ಲಿ ಮಾಡುವಂತಿಲ್ಲ. ಆದರೆ ಚರ್ಚೆಗೆ ಬಾರದೆ, ಯಾವ ನಿಲುವನ್ನೂ ಹೇಳದೆ, ರಾಜೀನಾಮೆ ಬರೆದುಕೊಟ್ಟು ಹೋಟೆಲಿಗೆ ಹೋಗಿ, ಏಳು ತಿಂಗಳಲ್ಲಿ ಮಂತ್ರಿಯಾಗಿ ಮರಳುವ ದಾರಿ ಮಾತ್ರ ತೆರೆದಿದೆ. ಪಕ್ಷಾಂತರಕ್ಕಾಗಿ ಅನರ್ಹನಾದವನು ಮಂತ್ರಿಯಾಗಬಾರದು ಎಂದು 2003ರ 91ನೇ ತಿದ್ದುಪಡಿ ಹೇಳಿದ್ದೇನೋ ಹೌದು. ಆದರೆ ಅವಧಿ ಮುಗಿಯುವವರೆಗೆ ಅಥವಾ ಮತ್ತೆ ಆಯ್ಕೆಯಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. 2019ರಲ್ಲಿ ಹಾಗೆ ಹೋದ 17 ಮಂದಿಯನ್ನು ಅಂದಿನ ಸ್ಪೀಕರ್ ರಮೇಶ್ ಕುಮಾರ್ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದ್ದರು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಅವಧಿಯ ನಿರ್ಬಂಧವನ್ನು ತೆಗೆದುಹಾಕಿತು. ಕಾನೂನಿನಲ್ಲಿ ಇದ್ದದ್ದೇ ಅಷ್ಟು. ಅವರಲ್ಲೊಬ್ಬರಾದ ಎಂ.ಟಿ.ಬಿ. ನಾಗರಾಜ್ ಅವರನ್ನು ಹೊಸಕೋಟೆಯ ಜನ ಉಪಚುನಾವಣೆಯಲ್ಲಿ ಸೋಲಿಸಿದರು. ಅವರು ವಿಧಾನ ಪರಿಷತ್ತಿನ ಮೂಲಕ ಬಂದು 2021ರಲ್ಲಿ ಮಂತ್ರಿಯಾದರು. ಜನ ಬೇಡ ಎಂದದ್ದೂ ಲೆಕ್ಕಕ್ಕೆ ಬರಲಿಲ್ಲ.

ನಾನು ಕೇಳುವುದು ಇಷ್ಟು: ವಿಶ್ವಾಸಮತ ಮತ್ತು ಬಜೆಟ್ ಬಿಟ್ಟು ಉಳಿದ ಮಸೂದೆಗಳಿಗೆ ವಿಪ್ ಬೇಡ, ಶಾಸಕ ಎದ್ದು ನಿಂತು ಕಾರಣ ಹೇಳಿ ತನ್ನ ಪಕ್ಷದ ವಿರುದ್ಧ ಮತ ಹಾಕಲಿ, ಅದನ್ನು ಮುಂದಿನ ಚುನಾವಣೆಯಲ್ಲಿ ನಾವು ನೋಡಿಕೊಳ್ಳುತ್ತೇವೆ. ಆ ತಿದ್ದುಪಡಿಯಲ್ಲಿರುವ ‘ಮತ್ತೆ ಆಯ್ಕೆಯಾಗುವವರೆಗೆ’ ಎಂಬ ಎರಡು ಮೂರು ಪದಗಳನ್ನು ಹೊಡೆದುಹಾಕಲಿ. ಪಕ್ಷ ಬಿಟ್ಟು ಹೋದವರು ಉಪಚುನಾವಣೆಗೆ ಧಾರಾಳವಾಗಿ ನಿಲ್ಲಲಿ, ಗೆಲ್ಲಲಿ, ಶಾಸಕರಾಗಿ ಕ್ಷೇತ್ರದ ಕೆಲಸ ಮಾಡಲಿ. ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮಂತ್ರಿಗಿರಿಯಾಗಲಿ, ನಿಗಮ ಮಂಡಳಿಯ ಅಧ್ಯಕ್ಷ ಸ್ಥಾನವಾಗಲಿ ಇಲ್ಲ, ಅಷ್ಟೇ. ಹಾಗೆ ಮಾಡಿದ ಮೇಲೆ ನಮ್ಮ ಪತ್ರಿಕೆಗಳು ‘ಅತೃಪ್ತ ಶಾಸಕರು’ ಎಂದು ಬರೆಯುವ ಆ ಪಟ್ಟಿಯಲ್ಲಿ ಅತೃಪ್ತಿ ಎಷ್ಟು ಜನರಿಗೆ ಉಳಿಯುತ್ತದೆ ಎಂದು ಎಣಿಸಬಹುದು.